ಡುಮ್ಮನ ಒಂಬತ್ತು ಕಿಲೋ

ಜೂನ್ 3, ಬೆಳಿಗ್ಗೆ 6

88.4. ನಿನ್ನೆಯೂ ಇಷ್ಟೇ. ನಾಲ್ಕು ದಿನ ಬೆವರು ಸುರಿಸಿದ್ದು ಎಲ್ಲಿ ಹೋಯಿತೋ!

ಡಾಕ್ಟರಮ್ಮ ಹೇಳಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ. ಅಕ್ಕನ ಲಿವರ್ ಕೈಕೊಟ್ಟಿದೆ. ಭಾವನ ರಕ್ತ ಹೊಂದುವುದಿಲ್ಲ, ನನ್ನದು ಹೊಂದುತ್ತದೆ. ನನ್ನ ಲಿವರ್‌ನ ಒಂದು ತುಂಡು ಕೊಡಬಹುದು. ಆದರೆ ಅದರಲ್ಲಿ ಕೊಬ್ಬು ತುಂಬಿದೆಯಂತೆ. "ಹತ್ತು ವಾರ ಟೈಮ್ ಇದೆ. ಒಂಬತ್ತು ಕಿಲೋ ಇಳೀಬೇಕು. ಆದ್ರೆ ನಿಧಾನಕ್ಕೆ. ಲಿವರ್ ಕೊಬ್ಬು ಕರಗ್ಬೇಕು, ಬರೀ ತೂಕ ಇಳಿದ್ರೆ ಸಾಲದು." ಆಗಸ್ಟ್ 12ಕ್ಕೆ ಟೆಸ್ಟ್.

ಒಂಬತ್ತು. ಅಷ್ಟೇ ತಲೆಯಲ್ಲಿ ನಿಂತಿದೆ.

ಜೂನ್ 5

ಜಿಮ್ಮಿನ ಕೋಚ್ ಚಾರ್ಟ್ ಕೊಟ್ಟ. ಮೂರು ದಿನ ಡಂಬೆಲ್, ಮೂರು ದಿನ ವೇಗದ ನಡಿಗೆ, ಒಂದು ದಿನ ರೆಸ್ಟ್. ಮೂರು ಹೊತ್ತೂ ಊಟ — ಮೊಟ್ಟೆ, ಬೇಳೆ, ತರಕಾರಿ, ಸ್ವಲ್ಪ ಅನ್ನ. ಊಟದ ವಿಷಯ ಕೇಳಿ ನಗು ಬಂತು. ತೂಕ ಇಳಿಸಲು ಬಂದವನಿಗೆ ಮೂರು ಹೊತ್ತು ತಿನ್ನು ಅನ್ನುತ್ತಾನಲ್ಲ!

"ಸರ್, ಡಂಬೆಲ್, ನಡಿಗೆ, ಊಟ ಮೂರೂ ಬೇಕು. ಒಂದನ್ನ ಬಿಟ್ಟು ಇನ್ನೊಂದನ್ನ ಡಬಲ್ ಮಾಡೋ ಹಾಗಿಲ್ಲ."

ಆಯ್ತಪ್ಪಾ ಅಂದೆ.

ಸಂಜೆ ಅಕ್ಕನ ಮನೆ. ಕಣ್ಣು ಅರಿಶಿನದಷ್ಟು ಹಳದಿ. ಆದರೂ ಬಾಯಿಗೆ ಬೀಗ ಇಲ್ಲ. "ಏನೋ ಡುಮ್ಮ, ಓಡ್ತೀಯಂತೆ? ನೆಲ ತಡ್ಕೊಳ್ಳುತ್ತೇನೋ?" ಅಮ್ಮ ಹೋದಾಗ ನನಗೆ ಆರು, ಅವಳಿಗೆ ಹದಿನೈದು. ತುತ್ತು ಮಾಡಿ ತಿನ್ನಿಸಿ ಈ ಹೊಟ್ಟೆ ಬೆಳೆಸಿದವಳೇ ಅವಳು. ಹಾಗಂತ ಹೇಳಿದೆ. ನಕ್ಕಳು. ನಗುವಾಗ ಪಕ್ಕೆ ಹಿಡಿದುಕೊಂಡಳು.

ಜೂನ್ 14

87.1. ಸಾಲದು.

ಅಕ್ಕನ ಹೊಟ್ಟೆಯಿಂದ ನೀರು ತೆಗೆದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಇನ್ನೂ ಬಿಗಿದುಕೊಂಡೇ ಇದೆ. ನೋಡಲಾಗಲಿಲ್ಲ, ಕಾರಿಡಾರಿಗೆ ಬಂದೆ. ಭಾವ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು.

ಇಪ್ಪತ್ತೆರಡು ವರ್ಷದಿಂದ ಲಾರಿ ತೂಕ ಮಾಡುವವನು ನಾನು. ತುಂಬಿ ಬರುತ್ತದೆ, ಖಾಲಿಯಾಗಿ ಹೋಗುತ್ತದೆ, ವ್ಯತ್ಯಾಸ ಚೀಟಿಯಲ್ಲಿ ಬರೆಯುತ್ತೇನೆ. "ಬೇಗ ಇಳಿಸ್ರಪ್ಪಾ, ಬೇಗ ಹೊರಡಿ" — ದಿನಕ್ಕೆ ಐವತ್ತು ಸಲ ಹೇಳುವ ಮಾತು. ಅದೇ ನನಗೂ. ಹತ್ತು ವಾರ ಯಾಕೆ? ಐದರಲ್ಲಿ ಇಳಿಸಿದರೆ ಅಕ್ಕನಿಗೆ ಐದು ವಾರದ ನೋವು ತಪ್ಪುತ್ತದೆ.

ನಾಳೆಯಿಂದ ಡಂಬೆಲ್ ಬಂದ್. ಎರಡು ಹೊತ್ತು ಓಟ. ರಾತ್ರಿ ಊಟ ಕಟ್.

ಜೂನ್ 22

84.6!! ಕೋಚ್ ಫೋನ್ ಮಾಡಿದ, ನಾನು ಎತ್ತಲಿಲ್ಲ. ಬೈತಾನೆ.

ಲಾರಿ ತೂಗುವ ಕಾಟಾ ಮೇಲೂ ಹತ್ತಿ ನಿಂತೆ. ಅದು ಹತ್ತತ್ತು ಕಿಲೋ ಲೆಕ್ಕದಲ್ಲಿ ಮಾತ್ರ ತೋರಿಸುತ್ತದೆ. 80 ಅಂತು! ಸುಳ್ಳು ಅಂತ ಗೊತ್ತು. ಆದರೂ ಖುಷಿಯಾಯಿತು. ಡ್ರೈವರ್ ಒಬ್ಬ, "ಸಾಹೇಬ್ರೇ, ನಿಮ್ಮ ಚೀಟಿ ಯಾರು ಬರೀತಾರೆ?" ಅಂದ.

ಜುಲೈ 1

81.9. ಬೆಳಿಗ್ಗೆ ಒಂದು ಸೇಬು, ಮಧ್ಯಾಹ್ನ ಸೌತೆಕಾಯಿ. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ… ಪರವಾಗಿಲ್ಲ.

ಅಕ್ಕ ಕೇಳಿದಳು, "ಊಟ ಮಾಡ್ತಿದೀಯೇನೋ?"

"ಮೂರು ಹೊತ್ತು" ಅಂದೆ. ಅವಳಿಗೆ ಹೇಳಿದ ಮೊದಲ ಸುಳ್ಳಲ್ಲ. ಆದರೆ ಯಾವಾಗಲೂ ಹಿಡಿಯುತ್ತಿದ್ದವಳು ಈ ಸಲ ಹಿಡಿಯಲಿಲ್ಲ. ಅಷ್ಟು ಸುಸ್ತಾಗಿದ್ದಾಳೆ.

ಜುಲೈ 11, ಬೆಳಿಗ್ಗೆ 5.40

79.2!! ಗೆದ್ದೆ ಕಣೇ ಅಕ್ಕಾ. ಸೋಮವಾರವೇ ಟೆಸ್ಟ್ ಮಾಡಿ ಅಂತ ಡಾಕ್ಟರಮ್ಮನಿಗೆ ದುಂಬಾಲು ಬೀಳುತ್ತೇನೆ.

ಜುಲೈ 15

ರಿಪೋರ್ಟ್ ಬಂತು.

"ಏನ್ ಮಾಡ್ಕೊಂಡ್ರಿ ನೀವು?" ಡಾಕ್ಟರಮ್ಮ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಉಪವಾಸ ಬಿದ್ದು ಓಡಿದೀರ. ಕರಗಿರೋದು ಮಾಂಸಖಂಡ. ಲಿವರ್ ಕೊಬ್ಬು ಹಾಗೇ ಇದೆ, ಮೇಲೆ ಊತ ಬೇರೆ. ಇದನ್ನ ಕತ್ತರಿಸಿದ್ರೆ ನೀವೂ ಉಳಿಯಲ್ಲ, ಅವ್ರೂ ಉಳಿಯಲ್ಲ. ಆರು ವಾರ ಸರಿಯಾಗಿ ತಿನ್ನಿ. ಆಗಸ್ಟ್ 25ಕ್ಕೆ ನೋಡೋಣ."

"ಅಲ್ಲೀವರೆಗೂ ಇರ್ತಾಳಾ ಮೇಡಂ?"

ಪೆನ್ನಿನ ಮುಚ್ಚಳ ಹಾಕಿದರು.

ಭಾವನಿಗೆ ನಾನೇ ಹೇಳಿದೆ. ಬೈಯಲಿಲ್ಲ. "ನೀನು ಬೇಕು ಅಂತ ಮಾಡಿದ್ದಲ್ವಲ್ಲಪ್ಪ" ಅಂದರು. ಜಿಮ್ಮಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ 30

ಚಾರ್ಟ್ ಪ್ರಕಾರ ಎಲ್ಲ. ಡಂಬೆಲ್, ನಡಿಗೆ, ಮೊಟ್ಟೆ, ಬೇಳೆ. ಊಟ ಬೇಡವೆನಿಸಿದರೂ ನುಂಗುತ್ತೇನೆ. ಔಷಧಿ ಅಂದುಕೊಂಡು. 80.3.

ಆಗಸ್ಟ್ 12

ನಿಧಾನಕ್ಕೆ ಇಳಿಸಿದ್ದರೆ ಇವತ್ತು ಟೆಸ್ಟ್. ಈ ವಾರವೇ ಆಪರೇಷನ್ ಆಗುತ್ತಿತ್ತು.

ಅಕ್ಕನಿಗೆ ನಿನ್ನೆಯಿಂದ ಯಾರದೂ ಗುರುತು ಸರಿಯಾಗಿ ಹತ್ತುತ್ತಿಲ್ಲ. ಲಿವರ್ ಕೆಟ್ಟರೆ ವಿಷ ತಲೆಗೇರುತ್ತದಂತೆ. ಪಕ್ಕದಲ್ಲಿ ಕೂತೆ. ಬಹಳ ಹೊತ್ತು ನೋಡಿದಳು.

"ಯಾರಪ್ಪಾ ನೀವು?"

"ನಾನು ಕಣೇ. ಡುಮ್ಮ."

"ಅಯ್ಯೋ, ನಮ್ಮ ಡುಮ್ಮ ಇಷ್ಟು ಸಣ್ಣ ಇಲ್ಲ" ಅಂದಳು. ನನ್ನ ಮಣಿಕಟ್ಟು ಹಿಡಿದು ನೋಡಿ ಬಿಟ್ಟಳು. ಆಮೇಲೆ ಭಾವನ ಕಡೆ ತಿರುಗಿ, "ರೀ, ಅವನು ಬಂದ್ರೆ ಊಟ ಹಾಕಿ. ಕೇಳಿದ್ರೆ ಬೇಡ ಅಂತಾನೆ. ಕೇಳ್ಬೇಡಿ, ಹಾಕ್ಬಿಡಿ."

ಅಲ್ಲೇ ಇದ್ದೆ. ಅವಳ ಎದುರಿಗೇ.

ಆಗಸ್ಟ್ 25

ಅಕ್ಕ ಹೋಗಿ ಐದು ದಿನ.

ಇವತ್ತು ಟೆಸ್ಟ್ ಇತ್ತು. ಆಸ್ಪತ್ರೆಯಿಂದ ಯಾರೋ ಹುಡುಗಿ ಫೋನ್ ಮಾಡಿದಳು, "ಸರ್, ಬರ್ತೀರಾ?" ಅವಳಿಗೆ ಗೊತ್ತಿಲ್ಲ ಪಾಪ. ಇಲ್ಲಮ್ಮ ಅಂದೆ.

ತೂಕ ನೋಡಲಿಲ್ಲ. ಕಾಟಾ ಮಂಚದ ಕೆಳಗೆ ತಳ್ಳಿದೆ. ಐದು ದಿನದಿಂದ ಕಾಫಿ ಬಿಟ್ಟರೆ ಏನೂ ಸೇರಿಲ್ಲ.

ಮಧ್ಯಾಹ್ನ ಭಾವ ಬಂದರು. ಅವರಿಗೆ ಒಲೆ ಹಚ್ಚಲು ಕೂಡ ಬರುವುದಿಲ್ಲ, ಅದೆಲ್ಲ ಅಕ್ಕನದೇ. ಆದರೂ ಅನ್ನ ಮಾಡಿ ತಂದಿದ್ದರು. ಅರ್ಧ ಬೆಂದಿಲ್ಲ, ತಳ ಸೀದಿದೆ. ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟರು. ಬೇಡ ಭಾವ ಅಂದೆ.

"ಕೇಳ್ಬೇಡಿ ಅಂದಿದ್ಲು" ಅಂದರು.

ಕಲಸಿದೆ. ಮೊದಲ ತುತ್ತು ಬಾಯಿ ಹತ್ತಿರ ಬಂತು, ಅವಳ ಕೈ ನೆನಪಾಯಿತು. ಬಾಯಿ ತೆರೆದೆ.