ಹನ್ನೆರಡು ಪಟ್ಟಿಗಳ ಅಂಚು

ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಇನ್ನೂ ನಿಂತುಕೊಂಡೇ ಎರಡು ತುತ್ತು ನುಂಗಿ ಓಡುತ್ತೀಯಾ? ಕೆಮ್ಮು ಹೋಯಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನೀನು ಮನೆ ಬಿಟ್ಟು ಎರಡು ವರ್ಷವಾಯಿತು. ಅಮ್ಮ ಇವತ್ತಿಗೂ ನಿನ್ನ ಕೋಣೆಯನ್ನು ದಿನಾ ಗುಡಿಸುತ್ತಾಳೆ. ನಿನ್ನ ಮಾತೆತ್ತಿದರೆ ಮಾತ್ರ ಒಲೆಯ ಕಡೆ ತಿರುಗಿಬಿಡುತ್ತಾಳೆ.

ನಿನ್ನೆ, ನಾವಿಬ್ಬರೂ ದುಡಿದ ಪ್ರಯೋಗಾಲಯದಲ್ಲಿ ನನ್ನ ಕೊನೆಯ ದಿನ. ಮೂವತ್ತೊಂದು ವರ್ಷ ಗಾಜಿಗೆ ಸಾಣೆ ಹಿಡಿದವನಿಗೆ ಗೋಡೆ ಗಡಿಯಾರ ಕೊಟ್ಟರು, ಇನ್ನು ಹೊತ್ತು ನೋಡುವ ಕೆಲಸವೇ ಇಲ್ಲದಾಗ! ಕಪಾಟಿನಲ್ಲಿ ನಿನ್ನ ಗಾಜಿನ ಪಟ್ಟಿಗಳ ಡಬ್ಬಿ ಹಾಗೇ ಇತ್ತು. ಗಾಜಿನ ಪುಡಿಗೆ ಎಳೆಯಂಥ ಆ ಸಣ್ಣ ಹರಳುಗಳನ್ನು ಬೆರೆಸಿ, ಕುಲುಮೆಯಲ್ಲಿ ಒತ್ತಿ ತೆಗೆದ ಮೊದಲ ದಿನ ನೆನಪಿದೆಯಾ? "ಅಪ್ಪಾ, ಈ ಹರಳು ನಿನ್ನ ಮೀಸೆ ಕೂದಲಿದ್ದ ಹಾಗೆ. ಗಾಜಲ್ಲಿ ಬಿರುಕು ಓಡಿ ಬಂದ್ರೆ ಅಡ್ಡ ನಿಂತು ಹಿಡ್ಕೊಳ್ಳುತ್ತೆ" ಅಂದಿದ್ದೆ. ನಾನು ಒಂದು ವಾರ ಮೀಸೆ ತಿರುವಿಕೊಂಡೇ ಓಡಾಡಿದೆ. ಬರಿಯ ಗಾಜಿಗಿಂತ ನಿನ್ನದು ಮೂರು ಪಟ್ಟು ಗಟ್ಟಿ ಎಂದು ಪರೀಕ್ಷೆಯಲ್ಲಿ ಬಂದಾಗ ಎಲ್ಲರೂ ಹೊಗಳಿದರು. ಆಮೇಲೆ ಬೇರೆಯವರು ಮಾಡಿ ನೋಡಿದರೆ ಅಷ್ಟು ಬರಲಿಲ್ಲ. ಅಂಕಿ ತಿದ್ದಿದ್ದಾಳೆ ಎಂದು ನಿನ್ನ ಮುಖಕ್ಕೇ ಅಂದರು. ತುಂಬಿದ ಸಭೆಯಲ್ಲಿ ನೀನು ಒಬ್ಬಳೇ ನಿಂತಿದ್ದೆ. ಹಿಂದಿನ ಬಾಗಿಲ ಹತ್ತಿರವಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಂದು ಸಂಜೆ ನೀನು ಕೇಳಿದ್ದು ಒಂದೇ: "ನೀನಾದ್ರೂ ನನ್ನ ನಂಬ್ತೀಯಾ ಅಪ್ಪಾ?" ನಾನು ಚಪ್ಪಲಿ ಮೆಟ್ಟಿ ಹೊರಗೆ ನಡೆದುಬಿಟ್ಟೆ. ನಂಬಲಿಲ್ಲ ಅಂದುಕೊಂಡು ನೀನು ಪೆಟ್ಟಿಗೆ ಕಟ್ಟಿದೆ.

ಬಿಸಿಲು ಏರುತ್ತಿದೆ, ನೀರು ಕುಡಿ. ಬರುತ್ತೀಯಾ ಎಂದು ಕೇಳಬೇಡಿ ಎಂದಿದ್ದಾಳೆ ಅಮ್ಮ. ಕೇಳುತ್ತಿಲ್ಲ. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಪ್ಪ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತಪ್ಪು ಮಾಡಿದವನು ನಾನು. ಗಾಜು ಒಡೆಯುವುದು ಅಂಚಿನ ಗೀರಿನಿಂದ ಎಂದು ಗೊತ್ತಿದ್ದೇ, ಆ ಮೊದಲ ಪರೀಕ್ಷೆಗೆ ಬರಿಯ ಗಾಜಿನ ಪಟ್ಟಿಗಳನ್ನು ಹೇಗೋ ಉಜ್ಜಿ, ನಿನ್ನ ಹನ್ನೆರಡು ಪಟ್ಟಿಗಳ ಅಂಚನ್ನು ಮಾತ್ರ ಮುಖ ಕಾಣುವಷ್ಟು ನಯ ಮಾಡಿದ್ದೆ. ಮಗಳು ಗೆಲ್ಲಲಿ ಎಂದು. ಆಮೇಲೆ ಹೇಳಲು ಹೆದರಿದೆ. ನಿನ್ನೆ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಉಳಿದ ಪಟ್ಟಿಗಳನ್ನು, ಎರಡೂ ಬಗೆಯವನ್ನು, ಒಂದೇ ಸಮನಾಗಿ ಉಜ್ಜಿ ಅವರೆದುರಿಗೇ ಮುರಿಸಿದೆ. ನಿನ್ನದು ಎರಡು ಪಟ್ಟು ಗಟ್ಟಿ. ನಾನು ಕೈ ಹಾಕದಿದ್ದರೂ ನೀನು ಗೆದ್ದಿರುತ್ತಿದ್ದೆ, ಪುಟ್ಟಮ್ಮಾ.