ಸಮುದ್ರದಾಚೆಯವರಿಗೆ ಎರಡು ಗಂಟೆ, ಅಕ್ಕನಿಗೆ ಹದಿನೈದು ನಿಮಿಷ

ಮಾನ್ಯ ಕಾರಾಗೃಹ ಅಧೀಕ್ಷಕರೇ,

ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ಕಚೇರಿಯವರು ಅದನ್ನೊಂದು ದೊಡ್ಡ ಶೋಧನೆಯೆಂಬಂತೆ ಟಿಪ್ಪಣಿ ಬರೆಯುವ ಕಷ್ಟ ಬೇಡ. ಕಳೆದ ತಿಂಗಳು ಸಮುದ್ರದಾಚೆಯಿಂದ ಬಂದ ಕ್ರೈಸ್ತ ಮಿಷನ್ ತಂಡದ ಎಂಟು ಮಂದಿಗೆ ನೀವು ಸೆರೆಮನೆಯ ಊಟದ ಹಾಲ್‌ನಲ್ಲಿ ಎರಡು ಗಂಟೆ ಕೊಟ್ಟಿರಿ. ಅವರು ಕೈದಿಗಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು, ಹಾಡಿದರು, ಪ್ರಾರ್ಥಿಸಿದರು, ಹೆಗಲ ಮೇಲೆ ಕೈ ಹಾಕಿದರು. ಆ ಕೈದಿಗಳಲ್ಲಿ ಒಬ್ಬ ನನ್ನ ತಮ್ಮ. ನಾಲ್ಕು ವರ್ಷಗಳಿಂದ ಪ್ರತಿ ತಿಂಗಳ ಮೊದಲ ಶನಿವಾರ ನಾನು ಅವನನ್ನು ನೋಡುವುದು ಹದಿನೈದು ನಿಮಿಷ, ದಪ್ಪ ಗಾಜಿನ ಈಚೆಯಿಂದ, ಫೋನಿನ ರಿಸೀವರನ್ನು ಕಿವಿಗೆ ಒತ್ತಿಕೊಂಡು. ಈ ನಾಲ್ಕು ವರ್ಷಗಳಲ್ಲಿ ಅವನ ಒಂದು ಬೆರಳನ್ನೂ ನಾನು ಮುಟ್ಟಿಲ್ಲ.

ನಾನು ಯಾರೆಂದು ನಿಮಗೆ ನೆನಪಿರಲಾರದು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಅಮ್ಮ ತೀರಿಕೊಂಡಾಗ ನನಗೆ ಹದಿನೇಳು, ತಮ್ಮನಿಗೆ ಆರು. ಅವನ ತಲೆ ಬಾಚಿದ್ದು, ಜ್ವರ ಬಂದಾಗ ಹಣೆ ಒರೆಸಿದ್ದು, ಸುಳ್ಳು ಹೇಳಿದಾಗ ಕಿವಿ ಹಿಂಡಿದ್ದು ಎಲ್ಲ ನಾನೇ. ದೊಡ್ಡವನಾಗಿ ಲಾರಿ ಡ್ರೈವರ್ ಆದ. ಒಂದು ಬೆಳಿಗ್ಗೆ ಅವನ ಲಾರಿಗೆ ಸಿಕ್ಕಿ ಸೈಕಲ್ ಸವಾರರೊಬ್ಬರು ಸತ್ತರು. ಇವನು ಯಾರಿಗೂ ತಿಳಿಸದೆ ಹೊರಟುಹೋದ. ಎರಡು ದಿನಕ್ಕೆ ಸಿಕ್ಕಿಬಿದ್ದ. ಶಿಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಆ ಮನೆಯ ದುಃಖದ ಮುಂದೆ ನಮ್ಮದು ದುಃಖವೆಂದು ಹೇಳಿಕೊಳ್ಳಲೂ ನಾಚಿಕೆ. ಆದರೆ ಅವತ್ತು ಆ ರಸ್ತೆಯಲ್ಲಿ ಏನಾಯಿತೆಂದು ನನ್ನ ತಮ್ಮ ನ್ಯಾಯಾಲಯದಲ್ಲೂ ಬಾಯಿಬಿಡಲಿಲ್ಲ, ನನ್ನ ಹತ್ತಿರವೂ ಬಿಡಲಿಲ್ಲ. ಪ್ರತಿ ತಿಂಗಳೂ ಗಾಜಿನ ಆಚೆಯಿಂದ ಅದೇ ಮಾತು.

"ಊಟ ಆಯ್ತಾ ಅಕ್ಕ?"

"ಆಯ್ತು ಕಣೋ. ನಿಂದು?"

"ಆಯ್ತು."

ಇಷ್ಟರಲ್ಲಿ ಎರಡು ನಿಮಿಷ. ನನ್ನ ಮೊಣಕಾಲು ನೋವಿಗೆ ಮೂರು ನಿಮಿಷ. ಉಳಿದ ಹತ್ತು ನಿಮಿಷ ಸುಮ್ಮನೆ ಮುಖ ನೋಡುವುದು, ಗಂಟೆ ಹೊಡೆದಾಗ ಏಳುವುದು.

ಮಿಷನ್ ತಂಡ ಬರುತ್ತದೆಂದು ನಮ್ಮ ಚರ್ಚಿನಲ್ಲಿ ಪಾಸ್ಟರ್ ಹೇಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವರ ಜೊತೆ ನಮ್ಮ ಕ್ವಾಯರ್ ಕೂಡ ಒಳಗೆ ಹೋಗಿ ಹಾಡುವುದೆಂದು ತೀರ್ಮಾನವಾಗಿತ್ತು, ಮತ್ತು ಆ ಕ್ವಾಯರಿನಲ್ಲಿ ಹದಿಮೂರು ವರ್ಷದಿಂದ ಹಾಡುವವಳು ನಾನು. ಪಟ್ಟಿ ನಿಮ್ಮ ಕಚೇರಿಗೆ ಹೋಯಿತು; ಒಂದೇ ಹೆಸರಿಗೆ ಕೆಂಪು ಗೆರೆ ಬಿದ್ದು ವಾಪಸು ಬಂತು. ಏನೋ ತಪ್ಪಾಗಿರಬೇಕೆಂದು ಅರ್ಧ ದಿನದ ರಜೆ ಹಾಕಿ ನಿಮ್ಮನ್ನು ನೋಡಲು ಬಂದೆ. ನೀವು ಸೌಜನ್ಯದಿಂದಲೇ ಮಾತಾಡಿದಿರಿ.

"ನಿಯಮ ಅಮ್ಮಾ. ಸಂಬಂಧಿಕರಿಗೆ ಭೇಟಿ ಕೋಣೆ ಇದೆಯಲ್ಲ. ಹಾಲ್‌ಗೆ ಸಂಬಂಧ ಇಲ್ಲದವರನ್ನ ಮಾತ್ರ ಬಿಡ್ತೀವಿ."

"ಅಂದ್ರೆ ಸಂಬಂಧ ಇಲ್ಲದವರು ಒಳಗೆ, ಸಂಬಂಧ ಇರೋರು ಹೊರಗೆ. ಹಾಗೇನಾ ಸಾರ್?"

"ಹಾಗೇ ಅಂತಿಟ್ಕೊಳ್ಳಿ," ಎಂದು ನೀವು ಮುಂದಿನ ಕಡತ ತೆರೆದಿರಿ.

ಇಟ್ಟುಕೊಂಡೆ. ಕ್ವಾಯರಿನವರ ನಿಲುವಂಗಿಗಳಿಗೆಲ್ಲ ಇಸ್ತ್ರಿ ಹಾಕಿ, ಅವರ ಜೊತೆಗೇ ವ್ಯಾನಿನಲ್ಲಿ ಬಂದು, ನಿಮ್ಮ ಗೇಟಿನ ಹೊರಗಿನ ಸಿಮೆಂಟಿನ ಕಟ್ಟೆಯ ಮೇಲೆ ಎರಡು ಗಂಟೆ ಕೂತೆ. ನನ್ನ ಕೈಚೀಲದ ಬಾಚಣಿಗೆಯನ್ನೂ ತೆಗೆದಿರಿಸಿಕೊಳ್ಳುವ ನಿಮ್ಮ ಕಾವಲುಗಾರರು ಅವರ ಗಿಟಾರನ್ನು ತಟ್ಟಿ ನೋಡಿ ಒಳಗೆ ಬಿಟ್ಟರು. ಮುದುರಿಕೊಂಡು ಕೂತಿದ್ದರೆ ಆ ಗಿಟಾರಿನ ಹೊಟ್ಟೆಯೊಳಗೆ ನಾನೇ ಹಿಡಿಯುತ್ತಿದ್ದೆ. ಗಾಜಿನ ಗೋಡೆ ಇರುವುದು ಭದ್ರತೆಗಾಗಿ ಎನ್ನುತ್ತೀರಿ. ನಾಲ್ಕು ವರ್ಷದಿಂದ ಗೊತ್ತಿರುವ ಮುಖಕ್ಕಿಂತ ನಿನ್ನೆ ವಿಮಾನ ಇಳಿದ ಮುಖ ಹೆಚ್ಚು ಭದ್ರವೆಂದು ನಿಮಗೆ ಕಲಿಸಿದವರು ಯಾರು?

ಹೊರಬಂದ ನಮ್ಮ ಕ್ವಾಯರಿನ ಮೇಷ್ಟ್ರಮ್ಮ, ಅವರೇ ಅಲ್ಲಿ ದುಭಾಷಿ ಕೂಡ, ನನ್ನ ಪಕ್ಕ ಬಂದು ಕೂತರು. ಕಣ್ಣು ಕೆಂಪಗಿತ್ತು.

"ನಿಮ್ಮ ತಮ್ಮ ಮಾತಾಡಿದ," ಎಂದರು. "ಆ ಪ್ಲಂಬರ್ ಅಜ್ಜನ ಹತ್ತಿರ. ಎಲ್ಲಾ ಹೇಳಿಕೊಂಡ. ಅತ್ತ."

"ಏನು ಹೇಳ್ದ?"

"ಅದನ್ನ ನಾನು ಹೇಳಬಾರದು. ಅವನೇ ಹೇಳಬೇಕು ನಿಮಗೆ."

ಪ್ಲಂಬರ್ ಅಜ್ಜ ಎಂದರೆ ತಂಡದಲ್ಲಿದ್ದ ಭಾರಿ ಆಳು. ತಮ್ಮ ದೇಶದಲ್ಲಿ ನಲವತ್ತು ವರ್ಷ ನಲ್ಲಿ, ಕೊಳವೆ ರಿಪೇರಿ ಮಾಡಿ ನಿವೃತ್ತರಾದವರು. ನಮ್ಮ ಭಾಷೆಯ ಒಂದು ಪದ ಬಾರದ ಮನುಷ್ಯನಿಗೆ ಗೊತ್ತು, ಮೇಷ್ಟ್ರಮ್ಮನಿಗೆ ಗೊತ್ತು, ಪಕ್ಕದಲ್ಲಿ ನಿಂತಿದ್ದ ನಿಮ್ಮ ಇಬ್ಬರು ಕಾವಲುಗಾರರಿಗೂ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ. ನನ್ನೊಳಗೆ ಎದ್ದದ್ದು ಕೃತಜ್ಞತೆ ಆಗಿರಬೇಕಿತ್ತು. ಆಗಿರಲಿಲ್ಲ.

ಅವತ್ತು ಸಂಜೆ ಚರ್ಚಿನಲ್ಲಿ ಆ ಅಜ್ಜ ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು. ನಿಮ್ಮ ತಮ್ಮ ನಿಮ್ಮ ಬಗ್ಗೆ ತುಂಬಾ ಹೇಳಿದ ಎಂದು ಮೇಷ್ಟ್ರಮ್ಮ ತಿಳಿಸಿದರು. ಕೈ ಕಿತ್ತುಕೊಳ್ಳಬೇಕೆನ್ನಿಸಿತು, ಆದರೆ ತಮ್ಮನ ಕೈಯನ್ನು ಅವತ್ತೇ ಹಿಡಿದಿದ್ದ ಕೈ ಅದು, ಬಿಡಲಾಗಲಿಲ್ಲ. ಬಹಳ ಹೊತ್ತು ಹಿಡಿದೇ ನಿಂತೆ. ನನ್ನದು ದೊಡ್ಡ ಭಕ್ತಿಯೆಂದು ತಿಳಿದು ಅವರು ನನಗಾಗಿ ಪ್ರಾರ್ಥನೆ ಮಾಡಿದರು. ಮರುದಿನ ತಂಡದ ಬಟ್ಟೆಗಳು ಒಗೆಯಲು ನನ್ನ ಹತ್ತಿರವೇ ಬಂದವು. ಅಜ್ಜನ ನೀಲಿ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭುಜದ ಮೇಲೆ ಕಲೆ ಹುಡುಕಿದೆ. ಕಣ್ಣೀರಿನ ಕಲೆ ಉಳಿಯುವುದಿಲ್ಲ. ಇಪ್ಪತ್ತು ವರ್ಷ ಬಟ್ಟೆ ಒಗೆದವಳಿಗೆ ಅದು ಗೊತ್ತಿರಬೇಕಿತ್ತು.

ಆಮೇಲೆ ಚರ್ಚಿನ ಫಲಕಕ್ಕೆ ಭೇಟಿಯ ಫೋಟೋ ಅಂಟಿಸಿದರು. ಅದರಲ್ಲಿ ನನ್ನ ತಮ್ಮ ಆ ಭುಜಕ್ಕೆ ಹಣೆ ಆನಿಸಿದ್ದಾನೆ. ಮುಖ ಕಾಣುವುದಿಲ್ಲ, ನೆತ್ತಿ ಕಾಣುತ್ತದೆ. ನೆತ್ತಿಯ ಮೇಲೆ ಕೂದಲು ಉದುರಿ ಅಂಗೈಯಷ್ಟು ಬೋಳಾಗಿದೆ, ಥೇಟ್ ನಮ್ಮಪ್ಪನ ಹಾಗೆ. ಗಾಜಿನ ಮುಂದೆ ಎದುರುಬದುರು ಕೂರುವವಳಿಗೆ ತಮ್ಮನ ನೆತ್ತಿ ಎಲ್ಲಿ ಕಾಣಬೇಕು? ನಾನು ಬಾಚುತ್ತಿದ್ದ ತಲೆ ಬೋಳಾಗುತ್ತಿರುವುದನ್ನು ಸೂಚನಾ ಫಲಕದಲ್ಲಿ ನೋಡಿ ತಿಳಿಯಬೇಕಾಯಿತು, ಅಧೀಕ್ಷಕರೇ.

ಈ ತಿಂಗಳ ಮೊದಲ ಶನಿವಾರ ಬಂದೆ. ಊಟದ ಮಾತು ಎತ್ತಲಿಲ್ಲ.

"ನನ್ನ ಹತ್ರ ಹೇಳ್ದೇ ಇದ್ದಿದ್ದನ್ನ ದಾರಿಹೋಕನ ಹತ್ರ ಹೇಳ್ದೆಯಲ್ಲೋ," ಎಂದೆ. ಜಗಳಕ್ಕೇ ಬಂದಿದ್ದೆ, ಬೈಯುವುದರಲ್ಲೇ ಹತ್ತು ನಿಮಿಷ ಕಳೆದೆ.

ಅವನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ. "ದಾರಿಹೋಕ ಅಂತಾನೇ ಹೇಳಿದ್ದು ಅಕ್ಕಾ. ಅವರು ಕೇಳಿಸಿಕೊಂಡು ವಿಮಾನ ಹತ್ತಿಬಿಡ್ತಾರೆ. ನೀನು ಪ್ರತಿ ತಿಂಗಳೂ ಬಂದು ಇದೇ ಕುರ್ಚೀಲಿ ಕೂರ್ತೀಯ. ಕೇಳಿದ್ಮೇಲೆ ನಿನ್ನ ಮುಖ ಹೇಗಾಗುತ್ತೆ ಅಂತ ನಾನು ನೋಡ್ಬೇಕು."

"ಹೇಗೂ ಆಗಲ್ಲ. ಹೇಳು."

"ಅವರ ಹತ್ರ ಒಂದ್ಸಲ ಹೇಳಿದ್ಮೇಲೆ, ಬಾಯಿಗೆ ಬರುತ್ತೆ ಅಂತ ಗೊತ್ತಾಯ್ತು. ನಿನಗೂ ಹೇಳ್ಬೇಕು ಅಂತಾನೇ ಕಾಯ್ತಿದ್ದೆ," ಎಂದ.

ಹೇಳತೊಡಗಿದ. ಮೊದಲ ವಾಕ್ಯವನ್ನು ನಾನಿಲ್ಲಿ ಬರೆಯುವುದಿಲ್ಲ. ಫೋನಿನ ಮಾತನ್ನೆಲ್ಲ ಹಿಡಿದಿಡುವ ನಿಮ್ಮ ಯಂತ್ರದಲ್ಲಿ ಅದು ದಾಖಲಾಗಿದೆ, ಅಷ್ಟು ಸಾಲದೆ? ನಾಲ್ಕು ವರ್ಷ ಕಾದ ಆ ವಾಕ್ಯ ಕೇಳಿ ನನ್ನ ಮುಖ ಏನಾಯಿತೋ ತಿಳಿಯದು. ಅವನು ಗಾಜಿಗೆ ಅಂಗೈ ಒತ್ತಿದ. ಎರಡನೆಯ ವಾಕ್ಯ ಶುರುವಾಗುವಷ್ಟರಲ್ಲಿ ಗಂಟೆ ಹೊಡೆಯಿತು, ಫೋನು ಸತ್ತಿತು. ಅವನ ತುಟಿ ಇನ್ನೂ ಆಡುತ್ತಿತ್ತು. "ಒಂದು ನಿಮಿಷ ಸಾರ್," ಎಂದು ಕಾವಲುಗಾರನನ್ನು ಬೇಡಿದೆ. "ಎಲ್ಲರೂ ಹಾಗೇ ಕೇಳ್ತಾರಮ್ಮ," ಎಂದ. ಸುಳ್ಳಲ್ಲ. ಹೊರಡುವಾಗ ಕಿಟಕಿಯ ಗುಮಾಸ್ತ ಒಂದು ಚೀಟಿ ಕೊಟ್ಟ: ಇದೇ ತಿಂಗಳ ಇಪ್ಪತ್ತೆಂಟಕ್ಕೆ ನನ್ನ ತಮ್ಮ ಬೇರೆ ಜೈಲಿಗೆ ವರ್ಗ. ಎರಡು ದಿನದ ಪ್ರಯಾಣದ ಜಾಗ.

ಇದನ್ನೋದಿ ನೀವು ಮಾಡಬಹುದಾದ ಅತಿ ಸುಲಭದ ಕೆಲಸ ಯಾವುದೆಂದು ನನಗೆ ಗೊತ್ತು. ದೂರು ಬಂದಿದೆ ಎಂದು ಮುಂದಿನ ವರ್ಷ ತಂಡವನ್ನೇ ಒಳಗೆ ಬಿಡದಿರುವುದು. ಆಗ ಯಾರಿಗೂ ಹಾಲ್ ಇಲ್ಲ, ಎಲ್ಲರೂ ಸಮಾನರು. ದಯವಿಟ್ಟು ಆ ನ್ಯಾಯ ಮಾಡಬೇಡಿ. ಆ ಅಜ್ಜ ಬರಲಿ. ಅವರ ಮೇಲಿನ ಕಿಚ್ಚು ನನ್ನ ಸ್ವಂತದ್ದು, ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಅವರು ನನ್ನ ತಮ್ಮನ ಬಾಯಿ ತೆರೆಸಿದರು. ನೀವು ಅದನ್ನು ಹದಿನೈದನೇ ನಿಮಿಷಕ್ಕೆ ಮುಚ್ಚಿಸಿದಿರಿ.

ಇಪ್ಪತ್ತೆಂಟನೇ ತಾರೀಕಿನ ಒಳಗೆ ನನಗೆ ಒಂದು ಗಂಟೆ ಕೊಡಿ. ಅದೇ ಊಟದ ಹಾಲ್, ಅಕ್ಕಪಕ್ಕ ಎರಡು ಕುರ್ಚಿ, ನಡುವೆ ಏನೂ ಇರಬಾರದು. ಬಾಗಿಲಲ್ಲಿ ಎಷ್ಟು ಕಾವಲುಗಾರರನ್ನು ಬೇಕಾದರೂ ನಿಲ್ಲಿಸಿ. ನನ್ನ ನಂತರ ಉಳಿದ ಅಮ್ಮಂದಿರಿಗೆ, ಹೆಂಡತಿಯರಿಗೆ, ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಅಂಥದೊಂದು ಗಂಟೆ ಸಿಗುವಂತೆ ಆದೇಶ ಹೊರಡಿಸಿ. ಎರಡನೆಯ ವಾಕ್ಯ ಏನೇ ಇರಲಿ, ಅದನ್ನು ಕೇಳುವಾಗ ಅವನ ಕೈ ನನ್ನ ಕೈಯಲ್ಲಿರಬೇಕು.

ಇಂತಿ,
ಸದ್ಯಕ್ಕೆ ಯಾರ ಒಳಿತನ್ನೂ ಸಹಿಸಲಾಗದ,
ಒಬ್ಬ ಕೈದಿಯ ಅಕ್ಕ