ರೆಕಾರ್ಡಿನ ಮೇಲೆ ನನ್ನ ಹೆಸರು

ಅಮ್ಮಾ,

ಇವತ್ತು ಮಧ್ಯಾಹ್ನ ಮೆಂಫಿಸ್‌ನ ನನ್ನ ಮನೆಗೆ ಇಂಗ್ಲೆಂಡಿನ ಮುದುಕನೊಬ್ಬ ಬಂದಿದ್ದ. ಕೈಯಲ್ಲಿ ಅರವತ್ತಾರನೇ ಇಸವಿಯ ಸೋಲ್ ಸಂಗೀತದ ರೆಕಾರ್ಡು. ಗಾಯಕಿಯ ಹೆಸರಿನ ಜಾಗದಲ್ಲಿ ನನ್ನದೇ ಹೆಸರು, ಆರ್ಲೀಥಾ ಪ್ರೂಯಿಟ್ ಎಂದಿತ್ತು.

"ಇಪ್ಪತ್ತು ವರ್ಷದಿಂದ ನಿಮ್ಮನ್ನೇ ಹುಡುಕ್ತಿದೀನಿ ಮೇಡಂ," ಅಂದ.

"ಆಗ ನಂಗಿನ್ನೂ ಎರಡು ವರ್ಷ ಯಜಮಾನ್ರೇ. ತೊಟ್ಟಿಲಲ್ಲೇ ಹಾಡಿದ್ನಾ?" ಎಂದು ನಕ್ಕೆ.

ತಾನೇ ತಂದಿದ್ದ ಪುಟ್ಟ ಪ್ಲೇಯರಿನಲ್ಲಿ ಹಾಡು ಹಾಕಿದ. ಮೊದಲ ಸಾಲಿಗೇ ನನ್ನ ನಗು ನಿಂತಿತು. ಅದು ನಿನ್ನ ದನಿ. ಇಂಥ ಪ್ರೇಮದ ಹಾಡು ಹಾಡಿದ್ದು ತಿಳಿದರೆ ಚರ್ಚಿನ ಗಾಯನ ಮೇಳದಿಂದ ಹೊರಹಾಕುತ್ತಾರೆಂದು ಮಗಳ ಹೆಸರಿನಲ್ಲಿ ಹಾಡಿದೆಯಾ? ಹದಿನಾರರಲ್ಲಿ ನಾನು ಇಂಥದೇ ಹಾಡು ಗುನುಗಿದ್ದಕ್ಕೆ, ಸೊಪ್ಪು ಬೇಯಿಸುತ್ತಿದ್ದ ನೀನು ಸೌಟು ಎತ್ತಿಕೊಂಡು, "ಬಾಯ್ಮುಚ್ಚೇ, ಅದು ಸೈತಾನನ ಹಾಡು" ಅಂದಿದ್ದೆ. ಅವತ್ತು ಮನೆ ಬಿಟ್ಟ ನಾನು ನಿನ್ನ ಮಣ್ಣಿಗೂ ಬರಲಿಲ್ಲ.

"ಹಾಗಾದ್ರೆ ಇದು ಯಾರ ದನಿ?" ಎಂದು ಕೇಳಿದ.

ಚರ್ಚಿನ ಗೋಡೆಯ ಮೇಲೆ ನಿನ್ನ ಫೋಟೋ ಇನ್ನೂ ಇದೆಯಂತೆ ಅಮ್ಮಾ. ಯಾರೂ ಅದನ್ನು ಇಳಿಸುವುದು ಬೇಡ. "ಗೊತ್ತಿಲ್ಲ" ಅಂದುಬಿಟ್ಟೆ.

ಅವನು ಹೋದ ಮೇಲೆ ಪಾತ್ರೆ ತೊಳೆಯುತ್ತಾ, ನೆನಪಿದ್ದಷ್ಟನ್ನು ಜೋರಾಗಿ ಹಾಡಿದೆ. ಬಾಯ್ಮುಚ್ಚೇ ಅನ್ನುತ್ತೀಯೇನೋ ಎಂದು ನಡುವೆ ಒಮ್ಮೆ ನಿಲ್ಲಿಸಿ ಕಾದೆ.